ಈಜುಕೊಳಕ್ಕೆ ಮೊದಲು ಹೊದಿಕೆ, ಆಮೇಲೆ ಸೋಲಾರ್

ಸರ್ಕಾರಿ ಈಜುಕೊಳದ ಕರೆಂಟ್ ಬಿಲ್ ಇಳಿಸಿಕೊಡಿ ಎಂದು ಯಾರೇ ಕರೆದರೂ, ನಾನು ಹೋಗುವಷ್ಟರಲ್ಲಿ ಎಸ್ಟಿಮೇಟ್ ತಯಾರಾಗಿರುತ್ತದೆ. ಅದರ ಮೊದಲ ಸಾಲಿನಲ್ಲೇ ಸೋಲಾರ್ ಪ್ಯಾನೆಲ್. ಪ್ಯಾನೆಲ್ ಎಲ್ಲರ ಕಣ್ಣಿಗೂ ಕಾಣುತ್ತದೆ, ಉದ್ಘಾಟನೆಗೂ ಚೆನ್ನ. ನಾನು ಮಾತ್ರ ಒಂದು ಬಕೆಟ್ ಕೇಳುತ್ತೇನೆ.

ವಾರದ ರಜೆಯ ದಿನ ಪಂಪ್ ನಿಲ್ಲಿಸಿ, ಬಕೆಟ್ಟಿಗೆ ಕೊಳದ ನೀರನ್ನೇ ತುಂಬಿ, ಮೆಟ್ಟಿಲ ಮೇಲೆ ಅರ್ಧ ಮುಳುಗುವಂತೆ ಇಡುವುದು. ಒಳಗೂ ಹೊರಗೂ ನೀರಿನ ಮಟ್ಟಕ್ಕೆ ಗೆರೆ ಎಳೆಯುವುದು. ಮರುದಿನ ಎರಡೂ ಒಂದೇ ಸಮ ಇಳಿದಿದ್ದರೆ ಆವಿಯಾಗಿ ಹೋಗಿದೆ. ಕೊಳದ್ದು ಜಾಸ್ತಿ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಮೊದಲು ಅದನ್ನು ಹುಡುಕಬೇಕು.

ಆವಿ ಸುಮ್ನೆ ಹೋಗುವುದಿಲ್ಲ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 0.67 ಯೂನಿಟ್‌ನಷ್ಟು ಶಾಖ ಅದರ ಜೊತೆ ಹೋಗುತ್ತದೆ. 50 ಮೀಟರ್ ಉದ್ದ, 25 ಮೀಟರ್ ಅಗಲದ ಕೊಳದಲ್ಲಿ 1 ಮಿಲಿಮೀಟರ್ ಎಂದರೆ 1,250 ಲೀಟರ್, ಹತ್ತಿರ ಹತ್ತಿರ 840 ಯೂನಿಟ್. ಮೂರೂವರೆ ಮಿಲಿಮೀಟರ್ ಇಳಿಯಿತೋ, 2 ಮೀಟರ್ ಆಳದ ಕೊಳದ ಅಷ್ಟೂ 25 ಲಕ್ಷ ಲೀಟರ್ ನೀರು 1 ಡಿಗ್ರಿ ತಣ್ಣಗಾದಷ್ಟು ಶಾಖ ಹೋಯಿತು. ಹಗಲಲ್ಲಿ ಬಿಸಿಲು ಒಂದಿಷ್ಟು ವಾಪಸ್ ಕೊಡುತ್ತದೆ. ಡಿಸೆಂಬರ್ ರಾತ್ರಿ ಯಾರು ಕೊಡುತ್ತಾರೆ? ನೀರು ಬೆಚ್ಚಗಿರಬೇಕೆಂದರೆ ಹೀಟರೇ ಕೊಡಬೇಕು, ಅದು ಬಿಲ್‌ಗೆ ಸೇರುತ್ತದೆ.

ನೀರಿನ ಮೇಲೆ ಹೊದಿಕೆಯ ಹಾಳೆ ಹಾಸಿರುವಷ್ಟು ಹೊತ್ತು ಈ ನಷ್ಟ ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ. ಒಂದು ಕಡೆ ಹೊದಿಕೆ ಇದೆಯಾ ಎಂದು ಕೇಳಿದೆ. ಇತ್ತು, ಸ್ಟೋರ್ ರೂಮಿನಲ್ಲಿ, ಪ್ಯಾಕಿಂಗ್ ಕೂಡ ಬಿಚ್ಚದೆ. ಖರೀದಿಯಲ್ಲಿ ಸುತ್ತುವ ರೋಲರ್ ಬಿಟ್ಟುಹೋಗಿತ್ತು. ಅಷ್ಟು ದೊಡ್ಡ ಹಾಳೆಯನ್ನು ರಾತ್ರಿ ಒಬ್ಬನೇ ವಾಚ್‌ಮನ್ ಎಳೆಯುತ್ತಾನಾ? ಅದಕ್ಕೇ ನಾನು ಲೇನ್ ಅಗಲದ ಪಟ್ಟಿಗಳಾಗಿ, ಚಕ್ರವಿರುವ ರೋಲರ್ ಸಮೇತ ಬರೆಸುತ್ತೇನೆ. ಬೆಳಿಗ್ಗೆ ಪೂರ್ತಿ ತೆಗೆಯದೆ ಯಾರನ್ನೂ ನೀರಿಗೆ ಬಿಡಬಾರದು. ಅರ್ಧ ಹಾಸಿದ ಹೊದಿಕೆಯ ಕೆಳಗೆ ಮಗು ಸಿಕ್ಕಿಕೊಂಡರೆ ಕಾಣುವುದೇ ಇಲ್ಲ.

ಆಮೇಲೆ ಪಂಪ್ ಹೌಸ್. ಎಷ್ಟೋ ಕಡೆ ಬೇಕಾದ್ದಕ್ಕಿಂತ ದೊಡ್ಡ ಪಂಪ್ ಕೂರಿಸಿ, ನೀರು ಜಾಸ್ತಿ ಬರುತ್ತದೆಂದು ವಾಲ್ವ್ ಅರ್ಧ ಮುಚ್ಚಿರುತ್ತಾರೆ. ವಾಲ್ವ್ ಪೂರ್ತಿ ತೆಗೆದು, ವಿಎಫ್‌ಡಿ, ಅಂದರೆ ಮೋಟಾರಿನ ವೇಗ ಹೆಚ್ಚುಕಮ್ಮಿ ಮಾಡುವ ಸಾಧನ, ಹಾಕಿ ವೇಗ ಇಳಿಸಿ. ಇಲ್ಲಿ ನೀರು ಕೊಳದಿಂದ ಫಿಲ್ಟರಿಗೆ ಹೋಗಿ ಮತ್ತೆ ಕೊಳಕ್ಕೇ ಬರುತ್ತದೆ, ಓವರ್‌ಹೆಡ್ ಟ್ಯಾಂಕಿಗೆ ಏರಿಸುವ ಕೆಲಸವಿಲ್ಲ. ಹಾಗಾಗಿ ವೇಗ 80% ಆದರೆ ಕರೆಂಟ್ ಸುಮಾರು ಅರ್ಧಕ್ಕೆ ಬರುತ್ತದೆ. ಫಿಲ್ಟರ್ ಬ್ಯಾಕ್‌ವಾಶ್‌ಗೆ, ಅಂದರೆ ನೀರನ್ನು ಉಲ್ಟಾ ಹರಿಸಿ ಫಿಲ್ಟರಿನ ಮರಳು ತೊಳೆಯುವುದಕ್ಕೆ, ಮಾತ್ರ ಪೂರ್ತಿ ವೇಗ ಬೇಕು. ಆಪರೇಟರ್‌ಗೆ ಇದನ್ನು ಹೇಳಿಕೊಡದೆ ಬಂದರೆ ಮರಳು ಕಟ್ಟಿಕೊಂಡು, ವಿಎಫ್‌ಡಿಯದ್ದೇ ತಪ್ಪು ಅಂತಾರೆ.

ಒಳಾಂಗಣ ಕೊಳಗಳ ಕಥೆ ಬೇರೆ. ಜರ್ಮನಿಯ ಲ್ಯೂನೆನ್‌ನಲ್ಲಿ ಹಳೆಯ ಶಾಖ ಸ್ಥಾವರದ ಕಟ್ಟಡವನ್ನೂ ಸೇರಿಸಿಕೊಂಡು ಕಟ್ಟಿದ ಕೊಳ 2011ರಲ್ಲಿ ತೆರೆಯಿತು. ಶಾಖ ಹೊರಹೋಗದಂತೆ ಕಟ್ಟಿದ ಗೋಡೆ, ಗಾಜು ಒಳಬದಿಯಲ್ಲಿ ಬೆಚ್ಚಗಿರುವುದರಿಂದ ಅಲ್ಲಿ ಹನಿ ಕಟ್ಟುವುದಿಲ್ಲ. ಆದ್ದರಿಂದ ಹಾಲ್‌ನ ಗಾಳಿಯಲ್ಲಿ ತೇವ ಜಾಸ್ತಿ ಇರಲು ಬಿಡಬಹುದು, ಆಗ ನೀರು ಆವಿಯಾಗುವುದೇ ಕಡಿಮೆ. ಅಲ್ಲೂ ಜಗಳ ಆವಿಯ ಜೊತೆಗೇ, ನೋಡಿ.

ಪಕ್ಕದಲ್ಲಿ ಶಟಲ್ ಕೋರ್ಟ್ ಇದ್ದರೆ ಅದಕ್ಕೆ ಎಲ್‌ಇಡಿ ದೀಪ, ನೀರು ಕಾಯಿಸಲು ಹೀಟರ್ ಬದಲು ಸುತ್ತಲಿನ ಗಾಳಿಯ ಶಾಖವನ್ನೇ ಎಳೆದು ನೀರಿಗೆ ಕೊಡುವ ಹೀಟ್ ಪಂಪ್, ಇವೆಲ್ಲ ಮಾಡಲೇಬೇಕು. ಸೋಲಾರ್ ಕೂಡ ಬರಲಿ. ಆದರೆ ಹೊದಿಕೆ, ಪಂಪ್ ಸರಿಹೋದ ಮೇಲೆ ಒಂದು ಚಳಿಗಾಲದ ಬಿಲ್ ಕೈಗೆ ಬರಲಿ. ಎಷ್ಟು ಪ್ಯಾನೆಲ್ ಬೇಕು ಅನ್ನುವ ಲೆಕ್ಕವನ್ನು ಆ ಬಿಲ್ ಇಟ್ಟುಕೊಂಡೇ ಮಾಡೋಣ.