ವಿತ್‌ಡ್ರಾ ತಡವಾದರೆ ಮೊದಲು ಹಣ ಕಟ್ಟಿದ ರಸೀದಿ ನೋಡಿ

ತೊಗರಿ ಮಾರಿದ ಹಣ ಖಾತೆಗೆ ಬೀಳುವ ದಿನಗಳಲ್ಲಿ ಮತ್ತು ಐಪಿಎಲ್ ನಡೆಯುವ ತಿಂಗಳುಗಳಲ್ಲಿ ಕಲಬುರಗಿಯ ನನ್ನ ಕಚೇರಿಗೆ ಬರುವವರಲ್ಲಿ ಒಂದಿಷ್ಟು ಮಂದಿ ರಿಟರ್ನ್ ಸಲ್ಲಿಸುವ ಮಾತು ಬಿಟ್ಟು, ಹಣ ಪಣಕ್ಕಿಟ್ಟು ಆಡುವ ಆ್ಯಪ್‌ಗಳಿಂದ ಗೆದ್ದ ಹಣವನ್ನು ಖಾತೆಗೆ ತೆಗೆದುಕೊಳ್ಳುವ, ಅಂದರೆ ವಿತ್‌ಡ್ರಾ ಮಾಡುವ ಬಗ್ಗೆ ಕೇಳುತ್ತಾರೆ. "ರೊಕ್ಕ ಆ್ಯಪಿನ್ಯಾಗ ಕಾಣ್ಲಕತ್ತದ್ರಿ ಸರ, ಅಕೌಂಟಿಗಿ ಮಾತ್ರ ಬರ್ಲಕತ್ತಿಲ್ಲ" ಎಂಬುದು ಅವರೆಲ್ಲರ ಮಾತಿನ ಸಾರ. ಇದನ್ನು ತೆರಿಗೆ ಸಲಹೆಗಾರನ ಬಳಿಗೆ ತರುವುದಕ್ಕೆ ಕಾರಣವಿದೆ. ಹಣ ತಡೆಹಿಡಿದವರು ಕೊಡುವ ನೆಪಗಳಲ್ಲಿ ಪ್ಯಾನ್, ಟಿಡಿಎಸ್ (ಕೊಡುವ ಹಣದಲ್ಲೇ ಮುರಿದುಕೊಳ್ಳುವ ತೆರಿಗೆ), ಕೆವೈಸಿ (ಗುರುತಿನ ದಾಖಲೆಗಳ ಪರಿಶೀಲನೆ) ಎಂಬ ಪದಗಳು ಇದ್ದೇ ಇರುತ್ತವೆ. ನಾನು ಅವರಿಗೆ ಆಟದ ಆ್ಯಪ್ ತೆರೆಯಲು ಹೇಳುವುದಿಲ್ಲ. ಫೋನ್‌ಪೇ ಅಥವಾ ಗೂಗಲ್‌ಪೇ ತೆರೆದು, ಆಟಕ್ಕೆಂದು ಹಣ ಕಟ್ಟಿದ ದಿನದ ವಹಿವಾಟು ತೋರಿಸಲು ಹೇಳುತ್ತೇನೆ. ಹಣ ಯಾರ ಹೆಸರಿಗೆ ಹೋಗಿದೆ ಎಂಬ ಆ ಒಂದು ಸಾಲಿನಿಂದಲೇ, ಹಣ ಮರಳಿ ಬರುತ್ತದೋ ಇಲ್ಲವೋ, ಬಂದರೂ ಅದನ್ನು ಮುಟ್ಟಬಹುದೋ ಬಾರದೋ ಎಂಬುದು ಬಹುಮಟ್ಟಿಗೆ ತಿಳಿದುಬಿಡುತ್ತದೆ.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯು, ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವೋ ಅದೃಷ್ಟದವೋ ಎಂಬ ಭೇದವೆಣಿಸದೆ ನಿಷೇಧಿಸುತ್ತದೆ. ಅಂಥ ಆಟ ನಡೆಸುವವರಿಗೂ ಅದಕ್ಕೆ ಹಣ ಸಾಗಿಸಿಕೊಡುವವರಿಗೂ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡವಿದೆ; ಜಾಹೀರಾತು ಕೊಡುವವರಿಗೆ 2 ವರ್ಷ, 50 ಲಕ್ಷ. ಆಡುವವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ, ಆದರೆ ಅವನ ಹಣಕ್ಕೆ ರಕ್ಷಣೆಯೂ ಇಲ್ಲ. ಡ್ರೀಮ್11, ಎಂಪಿಎಲ್‌ನಂಥ ದೊಡ್ಡ ಕಂಪನಿಗಳು ಆ ಆಗಸ್ಟ್‌ನಲ್ಲೇ ಹಣದ ಆಟಗಳನ್ನು ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿ ನಮ್ಮ ಹೈಕೋರ್ಟೂ ಸೇರಿದಂತೆ ಬೇರೆ ಬೇರೆ ಹೈಕೋರ್ಟ್‌ಗಳಲ್ಲಿ ಸಲ್ಲಿಕೆಯಾಗಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಮುಂದಿನ ತಿಂಗಳೇ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು. ಹಾಗಾಗಿ ಇಂದು ಯಾವುದಾದರೂ ಆ್ಯಪ್ ಪಣದ ಹಣ ಕಟ್ಟಿಸಿಕೊಳ್ಳುತ್ತಿದ್ದರೆ, ಅದು ವಿದೇಶದಲ್ಲಿ ಕುಳಿತು, ಟೆಲಿಗ್ರಾಂ ಗುಂಪು ಅಥವಾ ಪ್ಲೇಸ್ಟೋರ್ ಹೊರಗಿನಿಂದ ಇಳಿಸಿಕೊಳ್ಳುವ ಎಪಿಕೆ ಫೈಲ್ ಮೂಲಕ ನಮ್ಮ ಫೋನಿಗೆ ಬಂದದ್ದೆಂದು ತಿಳಿದೇ ಮುಂದುವರಿಯಬೇಕು.

ಮೊದಲಿನ ಕಂಪನಿಗಳಿಗೆ ಹಣ ಕಟ್ಟಿದಾಗ ರಸೀದಿಯಲ್ಲಿ ಕಂಪನಿಯ ಅಥವಾ ಅದರ ಪರವಾಗಿ ಹಣ ಪಡೆಯುವ ಪೇಮೆಂಟ್ ಗೇಟ್‌ವೇಯ ಹೆಸರು ಬರುತ್ತಿತ್ತು. ಈಗ ಬರುವವರ ಫೋನಿನಲ್ಲಿ ನಾನು ನೋಡುವುದು ಬೇರೆ: ಸೋಮವಾರದ ಹಣ ಯಾವುದೋ ಕಿರಾಣಿ ಅಂಗಡಿಗೆ, ಬುಧವಾರದ್ದು ಒಬ್ಬ ಹೆಣ್ಣುಮಗಳ ಹೆಸರಿಗೆ, ಮತ್ತೊಂದು ದಿನದ್ದು ಮೊಬೈಲ್ ರಿಪೇರಿಯವನಿಗೆ. ಇವು ಬಾಡಿಗೆಗೆ ಪಡೆದ ಖಾತೆಗಳು, ಬ್ಯಾಂಕಿನವರ ಮಾತಿನಲ್ಲಿ ಮ್ಯೂಲ್ ಖಾತೆಗಳು. ಕಟ್ಟಿಸಿಕೊಳ್ಳುವ ಖಾತೆ ಇಂಥದ್ದಾದರೆ ಕೊಡುವ ಖಾತೆಯೂ ಇಂಥದ್ದೇ. ಅದೇ ಖಾತೆಗೆ ಪೊಲೀಸರೆಂದು ಕರೆ ಮಾಡಿ ಹೆದರಿಸುವ ಡಿಜಿಟಲ್ ಅರೆಸ್ಟ್‌ನಲ್ಲಿ ಮೋಸಹೋದ ಯಾರದೋ ಹಣವೂ ಬಂದಿರಬಹುದು. ಅವರು ದೂರು ಕೊಟ್ಟ ಕೂಡಲೇ ಪೊಲೀಸರು ಆ ಹಣದ ಜಾಡು ಹಿಡಿದು, ಅದು ಹರಿದ ಪ್ರತಿ ಖಾತೆಯನ್ನೂ ತಡೆಹಿಡಿಯಲು ಬ್ಯಾಂಕಿಗೆ ಬರೆಯುತ್ತಾರೆ. ಅಪರಾಧ ತನಿಖೆಯ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಂ ಅಡಿ ಅವರು ಹೀಗೆ ಬರೆಯುತ್ತಾರೆ. ಆದ್ದರಿಂದ ವಿತ್‌ಡ್ರಾ ತಡವಾಯಿತೆಂದು ಕಳವಳಪಡುವವರಿಗಿಂತ, ವಿತ್‌ಡ್ರಾ ಬೇಗ ಬಂದವರ ಬಗ್ಗೆಯೇ ನನಗೆ ಹೆಚ್ಚು ಚಿಂತೆ.

ಜೇವರ್ಗಿ ತಾಲೂಕಿನ ಒಂದು ಮನೆಯಲ್ಲಿ ನಡೆದದ್ದು ಹೀಗೆ. ಮಗನಿಗೆ ಪ್ಯಾನ್ ಇರಲಿಲ್ಲ. ತಾಯಿಯ ಪ್ಯಾನ್, ತಾಯಿಯ ಖಾತೆ ಕೊಟ್ಟು ಆಡಿದ. 4,800 ರೂಪಾಯಿ ವಿತ್‌ಡ್ರಾ ಬಂತು. ಕೆಲವು ವಾರಗಳ ನಂತರ ಎಟಿಎಂನಲ್ಲಿ ಹಣ ಬರಲಿಲ್ಲ, ಬ್ಯಾಂಕಿಗೆ ಹೋದರೆ ಬೇರೆ ರಾಜ್ಯದ ಸೈಬರ್ ಠಾಣೆಯಿಂದ ತಡೆ ಬಿದ್ದಿದೆ ಎಂದರು. ಆ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿತ್ತು, ಬೆಂಬಲ ಬೆಲೆಗೆ ಕೊಟ್ಟ ತೊಗರಿಯ ಹಣವೂ ಅದರಲ್ಲೇ ಇತ್ತು. ಇಂಥ ತಡೆಯಲ್ಲಿ ಹಣ ಜಮೆಯಾಗುತ್ತಲೇ ಇರುತ್ತದೆ, ತೆಗೆಯಲು ಮಾತ್ರ ಆಗುವುದಿಲ್ಲ. ಅವರಿಗೆ ನಾನು ಹೇಳಿದ ಮೊದಲ ಕೆಲಸ ವಕೀಲರನ್ನು ಹುಡುಕುವುದಲ್ಲ, ಅಂಚೆ ಕಚೇರಿಯಲ್ಲಿ ತಾಯಿಯ ಹೆಸರಿನಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು ಅದಕ್ಕೆ ಆಧಾರ್ ಜೋಡಣೆ ಮಾಡಿಸುವುದು. ಆಧಾರ್ ಆಧಾರಿತ ನೇರ ಪಾವತಿಗಳು ಕೊನೆಯದಾಗಿ ಜೋಡಣೆಯಾದ ಖಾತೆಗೇ ಹೋಗುವುದರಿಂದ ಮುಂದಿನ ಕಂತುಗಳಾದರೂ ಕೈಗೆ ಸಿಗುತ್ತವೆ.

ಹಾಗಾದರೆ ದಾಖಲೆಗಳ ಪರಿಶೀಲನೆಯಿಂದ, ಅಂದರೆ ವೆರಿಫಿಕೇಶನ್‌ನಿಂದ ತಡವೆಂಬುದು ಬರೀ ಸುಳ್ಳೇ ಎಂದರೆ, ಅಲ್ಲ. ಹಣದ ಆಟ ನಿಲ್ಲಿಸಿದ ಕಂಪನಿಗಳಲ್ಲಿ ಹಳೆಯ ಬಾಕಿ ಉಳಿಸಿಕೊಂಡವರಿಗೆ ನಿಜವಾಗಿಯೂ ದಾಖಲೆಗಳು ಹೊಂದದೆ ಹಣ ನಿಂತ ಉದಾಹರಣೆಗಳಿವೆ, ಮತ್ತು ನಮ್ಮ ಭಾಗದಲ್ಲಿ ಈ ತೊಂದರೆ ತುಸು ಹೆಚ್ಚೇ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಮೂರರಲ್ಲೂ ಇಂಗ್ಲಿಷಿನಲ್ಲಿ ಬರೆದ ಹೆಸರು ಒಂದೇ ಆಗಿರಬೇಕು. ಖಾತೆಯನ್ನು ಪರೀಕ್ಷಿಸಲು ಕಂಪನಿ ಒಂದು ರೂಪಾಯಿ ಕಳುಹಿಸುತ್ತದೆ. ಬ್ಯಾಂಕ್ ತನ್ನಲ್ಲಿರುವ ಖಾತೆದಾರರ ಹೆಸರನ್ನು ಮರಳಿ ತಿಳಿಸುತ್ತದೆ. ಯಂತ್ರ ಅದನ್ನು ಪ್ಯಾನ್‌ನ ಹೆಸರಿನೊಂದಿಗೆ ತಾಳೆ ನೋಡುತ್ತದೆ. ಆಧಾರ್‌ನಲ್ಲಿ ಶರಣಬಸಪ್ಪ, ಪ್ಯಾನ್‌ನಲ್ಲಿ ಶರ್ಣಬಸಪ್ಪ, ಪಾಸ್‌ಬುಕ್ಕಿನಲ್ಲಿ ಬರೀ ಶರಣಪ್ಪ ಎಂದಿದ್ದರೆ ನಮಗೆ ಅವರು ಒಬ್ಬರೇ, ಯಂತ್ರಕ್ಕೆ ಮೂವರು. ಮೊಹಮ್ಮದ್ ಎಂಬುದನ್ನು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಎಂ.ಡಿ. ಎಂದು ಬರೆಸಿದವರು ಕಲಬುರಗಿಯಲ್ಲೂ ಬೀದರಿನಲ್ಲೂ ಎಷ್ಟಿಲ್ಲ! ಬೀದರಿನ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ಬರೆಯುವ ರೂಢಿ. ಬ್ಯಾಂಕಿನವರು ನಡುವಿನದನ್ನು ಬಿಟ್ಟಿರುತ್ತಾರೆ. ಹುಟ್ಟಿದ ದಿನದ ಕಥೆಯೂ ಹೀಗೆಯೇ. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ಜೂನ್ 1 ಪ್ಯಾನ್‌ನಲ್ಲಿ ಉಳಿದಿರುತ್ತದೆ, ಆಧಾರ್‌ನಲ್ಲಿ ಜನವರಿ 1 ಕುಳಿತಿರುತ್ತದೆ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ 2 ಸಲ, ಜನ್ಮದಿನಾಂಕವನ್ನು 1 ಸಲ ಮಾತ್ರ ತಿದ್ದಿಸಬಹುದಾದ್ದರಿಂದ, ಯಾವುದನ್ನು ಯಾವುದಕ್ಕೆ ಹೊಂದಿಸಬೇಕೆಂದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮುಂದಿಟ್ಟುಕೊಂಡು ಮೊದಲೇ ತೀರ್ಮಾನಿಸಿ ಹೋಗುವುದು ಒಳ್ಳೆಯದು. ಆಟದ ಹಣದ ಗೊಡವೆಯಿಲ್ಲದವರೂ ಈ ತಿದ್ದುಪಡಿ ಮಾಡಿಸಿಟ್ಟುಕೊಳ್ಳಲಿ. ಬೆಳೆವಿಮೆಯಿಂದ ಪಿಎಫ್‌ವರೆಗೆ ಎಲ್ಲದಕ್ಕೂ ಇದೇ ತಾಳೆ.

ಹಳೆಯ ಪಾಸ್‌ಬುಕ್ ನೋಡಿ ಬ್ಯಾಂಕ್ ಶಾಖೆಯ ಕೋಡ್ ಆದ ಐಎಫ್‌ಎಸ್‌ಸಿ ತುಂಬುವುದು ತಡಕ್ಕೆ ಮತ್ತೊಂದು ಕಾರಣ. ನಮ್ಮ ಭಾಗದ ಜಿಲ್ಲೆಗಳಲ್ಲಿ ಎಸ್‌ಬಿಎಚ್ (ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್) ಖಾತೆಯಿಲ್ಲದ ಮನೆ ಕಡಿಮೆಯಿತ್ತು. ಅದು 2017ರ ಏಪ್ರಿಲ್ 1ರಂದು ಎಸ್‌ಬಿಐ ಜೊತೆ ವಿಲೀನವಾಯಿತು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಸೇರಿತು. ಕೋಡ್ ಬದಲಾದದ್ದು ತಿಳಿಯದೆ ಹಳೆಯದನ್ನೇ ತುಂಬಿದರೆ ಹಣ ಹೋದ ದಾರಿಯಲ್ಲೇ ಹಿಂತಿರುಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಸರಿಪಡಿಸಬಹುದಾದ ತಡ. ಸರಿಪಡಿಸಲಾಗದ ತಡವನ್ನು ಗುರುತಿಸುವ ಗುರುತುಗಳೂ ಇವೆ. "ಇವತ್ತು ಬ್ಯಾಂಕ್ ರಜೆ, ನಾಳೆ ಬರುತ್ತದೆ" ಎಂದು ಹೇಳಿದರೆ ಅದು ಸುಳ್ಳು. ಹಣ ವರ್ಗಾಯಿಸುವ ವ್ಯವಸ್ಥೆಗಳಲ್ಲಿ ಐಎಂಪಿಎಸ್ ಮತ್ತು ಯುಪಿಐಗೆ ಮೊದಲಿನಿಂದಲೂ ರಜೆಯಿಲ್ಲ, ನೆಫ್ಟ್ ಕೂಡ 2019ರ ಡಿಸೆಂಬರ್ 16ರಿಂದ ಹಗಲೂ ರಾತ್ರಿ, ಹಬ್ಬದ ದಿನವೂ ನಡೆಯುತ್ತದೆ. "ನಾವು ಕಳುಹಿಸಿದ್ದೇವೆ, ನಿಮ್ಮ ಬ್ಯಾಂಕಿನಲ್ಲಿ ನಿಂತಿದೆ" ಎಂದರೆ ಪ್ರತಿ ವರ್ಗಾವಣೆಗೂ ಬೇರೆಯಾಗಿ ಸಿಗುವ ಯುಟಿಆರ್ ಸಂಖ್ಯೆ ಕೇಳಬೇಕು. ಯುಪಿಐ ಆಗಿದ್ದರೆ ಅದು 12 ಅಂಕಿಯದು, ಬ್ಯಾಂಕಿನ ಶಾಖೆಯಲ್ಲಿ ಅದನ್ನು ತೋರಿಸಿದರೆ ಹಣ ಹೊರಟಿದೆಯೋ ಇಲ್ಲವೋ ಎಂದು ಆಗಲೇ ಹೇಳುತ್ತಾರೆ. ಸಂಖ್ಯೆ ಕೊಡದೆ ಹಸಿರು ಟಿಕ್ ಇರುವ ಸ್ಕ್ರೀನ್‌ಶಾಟ್ ಮಾತ್ರ ಕಳುಹಿಸಿದರೆ ಹಣ ಹೊರಟೇ ಇಲ್ಲ ಎಂದರ್ಥ.

ಇನ್ನು ಕೆಲವೊಮ್ಮೆ ತಡವೇ ಅವರ ವ್ಯಾಪಾರದ ಉಪಾಯ. ವಿತ್‌ಡ್ರಾ ಕೇಳಿದ ಹಣ ಒಂದೆರಡು ದಿನ 'ಪೆಂಡಿಂಗ್' ಎಂದು ನಿಂತಿರುತ್ತದೆ, ಪಕ್ಕದಲ್ಲೇ ರದ್ದುಮಾಡುವ ಗುಂಡಿ ಇರುತ್ತದೆ. ರಾತ್ರಿ ಹನ್ನೊಂದರ ಹೊತ್ತಿಗೆ ಅದನ್ನು ಒತ್ತಿ, ಗೆದ್ದದ್ದನ್ನು ಮತ್ತೆ ಪಣಕ್ಕಿಟ್ಟು ಕಳೆದುಕೊಂಡವರೇ ಹೆಚ್ಚು. ಜೂಜಿಗೆ ಪರವಾನಗಿ ಕೊಡುವ ಬ್ರಿಟನ್ನಿನ ಜೂಜು ಆಯೋಗವೇ ಈ ರದ್ದುಮಾಡುವ ಸೌಲಭ್ಯವನ್ನು 2021ರಲ್ಲಿ ನಿಷೇಧಿಸಿತು; ಅದಕ್ಕೂ ಮುಂಚೆ 2019ರಲ್ಲಿ, ಗುರುತಿನ ದಾಖಲೆಯನ್ನು ಆಟಕ್ಕೆ ಮೊದಲೇ ಪರಿಶೀಲಿಸಬೇಕು, ಮೊದಲೇ ಕೇಳಬಹುದಾಗಿದ್ದ ದಾಖಲೆಯನ್ನು ಹಣ ತೆಗೆಯುವಾಗ ಷರತ್ತಾಗಿ ಒಡ್ಡಬಾರದು ಎಂದು ನಿಯಮ ಮಾಡಿತು. ಕಟ್ಟಿಸಿಕೊಳ್ಳುವಾಗ ಕೇಳದ ಆಧಾರನ್ನು ಕೊಡುವಾಗ ಕೇಳುವ ಚಾಳಿ ನಮ್ಮಲ್ಲಿ ಮಾತ್ರ ಇರುವುದಲ್ಲ ಎಂಬುದಕ್ಕೆ ಇದು ಸಾಕ್ಷಿ. ಬೋನಸ್ ಪಡೆದವರ ಹಣ ನಿಲ್ಲುವುದೂ ಇದೇ ಜಾತಿಯದು. ಬೋನಸ್ಸಿನ ಇಷ್ಟು ಪಟ್ಟು ಆಡಿದ ಮೇಲೆಯೇ ತೆಗೆಯಬಹುದೆಂಬ ಷರತ್ತು ಯಾರೂ ಓದದ ಕಡೆ ಬರೆದಿರುತ್ತದೆ.

ನನ್ನ ವೃತ್ತಿಗೆ ನೇರವಾಗಿ ಸಂಬಂಧಿಸಿದ ಮೋಸ ತೆರಿಗೆಯ ಹೆಸರಿನದು. ಆದಾಯ ತೆರಿಗೆ ಕಾಯ್ದೆಗೆ 194ಬಿಎ ಕಲಂ ಸೇರಿ, 2023ರ ಏಪ್ರಿಲ್ 1ರಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ ಶೇ 30 ಟಿಡಿಎಸ್ ಜಾರಿಗೆ ಬಂತು. ವರ್ಷದ ಆರಂಭದಲ್ಲಿ ಬಾಕಿ ಏನೂ ಇಲ್ಲದವನು 10,000 ಕಟ್ಟಿ 25,000 ತೆಗೆದರೆ ನಿವ್ವಳ ಗೆಲುವು 15,000; ಅದರಲ್ಲಿ 4,500 ಮುರಿದುಕೊಂಡು 20,500 ಅವನ ಖಾತೆಗೆ ಹಾಕಬೇಕು. ಮುರಿದುಕೊಳ್ಳುವವರು ಆಟ ನಡೆಸುವವರು, ಮುರಿಯುವುದು ಕೊಡಬೇಕಾದ ಹಣದಿಂದಲೇ, ಮುರಿದದ್ದು ನಮ್ಮ ಪ್ಯಾನ್‌ನ 26ಎಎಸ್ ಎಂಬ ತೆರಿಗೆ ಜಮಾ ಪಟ್ಟಿಯಲ್ಲಿ ಕಾಣಬೇಕು. "ಮೊದಲು ಶೇ 30 ತೆರಿಗೆಯನ್ನು ಈ ಯುಪಿಐ ಐಡಿಗೆ ಕಟ್ಟಿ, ಆಮೇಲೆ ಪೂರ್ತಿ ಹಣ ಬಿಡುತ್ತೇವೆ" ಎಂಬ ಸಂದೇಶ ಬಂದರೆ ಅದು ತೆರಿಗೆಯಲ್ಲ. ಆದಾಯ ತೆರಿಗೆಯನ್ನು ಯಾರದೋ ಯುಪಿಐಗೆ ಕಟ್ಟುವ ಪದ್ಧತಿ ಈ ದೇಶದಲ್ಲಿ ಇಲ್ಲ. ಇಲಾಖೆಯ ಪೋರ್ಟಲ್‌ನಲ್ಲಿ ನಮ್ಮ ಪ್ಯಾನ್ ನಮೂದಿಸಿ ಚಲನ್ ಮೂಲಕವೇ ಕಟ್ಟಬೇಕು. ತೆರಿಗೆ ಕಟ್ಟಿದವರಿಗೆ ಮರುದಿನ 'ವೆರಿಫಿಕೇಶನ್ ಡಿಪಾಸಿಟ್' ಕೇಳುತ್ತಾರೆ, ಅದೂ ಆದ ಮೇಲೆ ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಾಗಿದೆ, ತಿದ್ದಲು ಮತ್ತಿಷ್ಟು ಎನ್ನುತ್ತಾರೆ. ಪರದೆಯಲ್ಲಿ ಕಾಣುವ 80,000 ರೂಪಾಯಿ ಅವರು ಬರೆದ ಅಂಕಿ ಮಾತ್ರ, ಅದರ ಹಿಂದೆ ಹಣವಿಲ್ಲ. ಕಾನೂನುಬದ್ಧವಾಗಿದ್ದ ಕಾಲದಲ್ಲಿ ನಿಜವಾಗಿ ಗೆದ್ದವರಿಗೆ ಇನ್ನೊಂದು ಮಾತು: ಆ ಗೆಲುವನ್ನು ಆಯಾ ವರ್ಷದ ರಿಟರ್ನ್‌ನಲ್ಲಿ ತೋರಿಸಲೇಬೇಕು, ಬೇರೆ ಆಟದ ಅಥವಾ ಅಂಗಡಿಯ ನಷ್ಟವನ್ನು ಅದಕ್ಕೆ ವಜಾ ಮಾಡಲು ಬರುವುದಿಲ್ಲ.

ಹೀಗೆ ಮೇಲಿಂದ ಮೇಲೆ ಹಣ ಕೇಳುತ್ತಿದ್ದರೆ ಕಟ್ಟುವುದನ್ನು ನಿಲ್ಲಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮೊದಲ ಗಂಟೆಗಳಲ್ಲಿ ದೂರು ದಾಖಲಾದರೆ ಹಣ ಮುಂದಿನ ಖಾತೆಗೆ ದಾಟುವ ಮುನ್ನ ತಡೆಯುವ ಸಾಧ್ಯತೆ ಇರುತ್ತದೆ. ಕರೆಯ ನಂತರ ಬರುವ ಸ್ವೀಕೃತಿ ಸಂಖ್ಯೆ ಹಿಡಿದು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಬಹುದು. ಸಿಟ್ಟಿನಲ್ಲಿ ಆ್ಯಪ್ ಅಳಿಸಿಬಿಡುವವರು ಬಹಳ. ಸಾಕ್ಷ್ಯವೂ ಅದರೊಂದಿಗೇ ಹೋಗುತ್ತದೆ. ಚಾಟ್, ಕಟ್ಟಿದ ರಸೀದಿಗಳು, ಯುಪಿಐ ಐಡಿಗಳು ಎಲ್ಲವನ್ನೂ ಬೇರೆ ಫೋನಿಗೆ ಉಳಿಸಿಕೊಂಡ ಮೇಲೆಯೇ ಅದನ್ನು ತೆಗೆಯಬೇಕು. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಕಸ್ಟಮರ್ ಕೇರ್ ಸಂಖ್ಯೆಗೆ ಕರೆ ಮಾಡಿ, ಅವರು ಹೇಳಿದ, ನಮ್ಮ ಫೋನನ್ನು ದೂರದಿಂದಲೇ ನಡೆಸಲು ಬಿಡುವ ಎನಿಡೆಸ್ಕ್ ಆ್ಯಪ್ ಹಾಕಿಕೊಂಡು, ಉಳಿದ ಹಣವನ್ನೂ ಕಳೆದುಕೊಂಡವರಿದ್ದಾರೆ. ಆಟ ಬಿಡಲಾಗದೆ ನಿದ್ದೆಗೆಟ್ಟವರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತನಾಡುವವರು ಸಿಗುತ್ತಾರೆ, ಹಣ ಬೇಕಿಲ್ಲ.

ಖಾತೆಗೆ ತಡೆ ಬಿದ್ದವರು ಬ್ಯಾಂಕಿನವರೊಂದಿಗೆ ಜಗಳಕ್ಕಿಳಿಯುವುದರಿಂದ ಪ್ರಯೋಜನವಿಲ್ಲ, ತಡೆ ತೆಗೆಯುವುದು ಅವರ ಕೈಯಲ್ಲಿಲ್ಲ. ದೂರಿನ ಸ್ವೀಕೃತಿ ಸಂಖ್ಯೆ, ಯಾವ ರಾಜ್ಯದ ಯಾವ ಠಾಣೆ, ವಿವಾದದ ಮೊತ್ತ ಎಷ್ಟು ಎಂಬ ಮೂರನ್ನು ಲಿಖಿತವಾಗಿ ಪಡೆಯಬೇಕು. 2023ರಲ್ಲಿ ಕೇರಳ ಹೈಕೋರ್ಟ್, ಪೊಲೀಸರು ತಿಳಿಸಿದ ಮೊತ್ತಕ್ಕಷ್ಟೇ ತಡೆಯನ್ನು ಸೀಮಿತಗೊಳಿಸುವಂತೆ ಬ್ಯಾಂಕುಗಳಿಗೆ ನಿರ್ದೇಶಿಸಿತ್ತು. ಅದನ್ನು ಉಲ್ಲೇಖಿಸಿ ಉಳಿದ ಹಣವನ್ನಾದರೂ ಬಿಡಿ ಎಂದು ತನಿಖಾಧಿಕಾರಿಗೂ ಶಾಖೆಗೂ ಒಟ್ಟಿಗೆ ಬರೆಯಬಹುದು. ಶಾಖೆಯಿಂದ 30 ದಿನಗಳಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡುವ ದಾರಿಯಿದೆ, ಅದಕ್ಕೆ ಶುಲ್ಕವಿಲ್ಲ. ಪತ್ರದ ಜೊತೆ ಆರು ತಿಂಗಳ ಸ್ಟೇಟ್‌ಮೆಂಟ್, ತೊಗರಿ ಮಾರಿದ ಪಟ್ಟಿ, ಸರ್ಕಾರದ ಹಣ ಜಮೆಯಾದ ಸಾಲುಗಳಿಗೆ ಗೆರೆ ಎಳೆದ ಪ್ರತಿ ಇರಲಿ. ಆ 4,800 ರೂಪಾಯಿ ಆಟದ ವಿತ್‌ಡ್ರಾ ಎಂದೇ ಬರೆಯಿರಿ. ನಾಚಿಕೆಗೆ ಅದನ್ನು ಗೆಳೆಯ ಹಿಂತಿರುಗಿಸಿದ ಕೈಗಡ ಎಂದು ಬರೆದರೆ, ಅಧಿಕಾರಿ ಮುಂದಿನ ಪ್ರಶ್ನೆಯಾಗಿ ಆ ಗೆಳೆಯನ ಹೆಸರು ಮತ್ತು ಫೋನ್ ನಂಬರನ್ನೇ ಕೇಳುತ್ತಾರೆ.