ಅಖಾಡದಿಂದ ವಿಶ್ವವಿದ್ಯಾಲಯಕ್ಕೆ: ರಾಮ್ ದಯಾಳ್ ಮುಂಡಾ ನಡೆದ ದಾರಿ

ಜಾರ್ಖಂಡ್‌ನ ರಾಂಚಿ ವಿಶ್ವವಿದ್ಯಾಲಯದಲ್ಲಿ ಇವತ್ತು ಮುಂಡಾ ಆದಿವಾಸಿಗಳ ಮುಂಡಾರಿ ಭಾಷೆಯಲ್ಲಿ ಎಂ.ಎ. ಓದಬಹುದು. ಇದು ಸುಮ್ನೆ ಬಂದದ್ದಲ್ಲ. ಆದಿವಾಸಿ ಭಾಷೆ ಎಂದರೆ ಹೊರಗಿನವರು ಬಂದು ಬರೆದುಕೊಂಡು ಹೋಗುವ ವಿಷಯ ಎಂಬ ಕಾಲ ಬಹಳ ದಿನ ನಡೆಯಿತು. ಆ ಭಾಷೆಯವರೇ ಮೇಷ್ಟ್ರಾಗಿ ಕಲಿಸುವಂತೆ ಮಾಡಿದವರಲ್ಲಿ ರಾಮ್ ದಯಾಳ್ ಮುಂಡಾ ಮೊದಲ ಸಾಲಿನವರು.

ಹುಟ್ಟಿದ್ದು 1939ರಲ್ಲಿ, ತಮಾಡ್ ಬಳಿಯ ದಿಯುಡಿ ಹಳ್ಳಿಯಲ್ಲಿ. ರಾಂಚಿಯಲ್ಲಿ ಮಾನವಶಾಸ್ತ್ರ ಓದಿ ಷಿಕಾಗೋಗೆ ಹೋದರು. ಅಲ್ಲಿ ಭಾಷಾವಿಜ್ಞಾನಿ ನಾರ್ಮನ್ ಜೈಡ್ ಮುಂಡಾರಿ, ಸಂತಾಲಿ ಸೇರಿದ ಮುಂಡಾ ಭಾಷಾಕುಟುಂಬದ ಮೇಲೆ ಕೆಲಸ ಮಾಡುತ್ತಿದ್ದರು. ಬ್ರಿಟಿಷರ ವಿರುದ್ಧ ಬಂಡೆದ್ದ ಆದಿವಾಸಿ ನಾಯಕ ಬಿರ್ಸಾ ಮುಂಡಾ ಕುರಿತ ಜನಪದ ಹಾಡುಗಳ ಬಗ್ಗೆ ಇಬ್ಬರೂ ಸೇರಿ ಬರೆದರು. ಡಾಕ್ಟರೇಟ್ ಆಯಿತು, ಮಿನೆಸೋಟಾದಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು. ಅಲ್ಲೇ ನೆಲೆಸಬಹುದಿತ್ತು, ಅಲ್ವಾ?

1980ರ ದಶಕದ ಆರಂಭದಲ್ಲಿ ಅವರು ರಾಂಚಿಗೆ ಮರಳಿದರು. ಕರೆಸಿಕೊಂಡವರು ಆಗಿನ ಕುಲಪತಿ ಕುಮಾರ್ ಸುರೇಶ್ ಸಿಂಗ್, ಬಿರ್ಸಾ ಚಳವಳಿಯ ಇತಿಹಾಸ ಬರೆದವರು. ಆದಿವಾಸಿ ಮತ್ತು ಪ್ರಾದೇಶಿಕ ಭಾಷೆಗಳ ವಿಭಾಗ ಕಟ್ಟುವ ಹೊಣೆ ಮುಂಡಾ ಅವರ ಹೆಗಲಿಗೆ ಬಿತ್ತು. ಮುಂಡಾರಿ, ಸಂತಾಲಿ, ಹೋ, ಖಡಿಯಾ, ಕುಡುಖ್ ಜೊತೆಗೆ ನಾಗಪುರಿ, ಖೋರ್ಠಾದಂಥ ನಾಲ್ಕು ಪ್ರಾದೇಶಿಕ ಭಾಷೆಗಳು ಸೇರಿ ಒಂಬತ್ತು ಭಾಷೆಗಳಿಗೆ ಒಂದೇ ಸೂರು. ಕೆಲವೇ ವರ್ಷಗಳಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಅವರೇ ಕುಲಪತಿಯಾದರು.

ನನಗೆ ದೊಡ್ಡದಾಗಿ ಕಾಣುವುದು ಹುದ್ದೆಯಲ್ಲ, ಅವರ ಹಾಡು. ಮುಂಡಾ ಹಳ್ಳಿಗಳಲ್ಲಿ ಅಖಾಡ ಎಂದರೆ ಕುಸ್ತಿಯ ಜಾಗವಲ್ಲ, ಊರವರು ಸೇರಿ ಕುಣಿಯುವ ಬಯಲು. ಅಲ್ಲಿ ನೋಡುವವರು, ಆಡುವವರು ಎಂಬ ಭೇದ ಜಾಸ್ತಿ ಇಲ್ಲ. ಮುಂಡಾರಿ, ನಾಗಪುರಿ, ಹಿಂದಿಯಲ್ಲಿ ಕವಿತೆ ಬರೆದ ಈ ಪ್ರಾಧ್ಯಾಪಕರು ಕೊಳಲು ನುಡಿಸುತ್ತಿದ್ದರು. ಸಾಲ್ ಮರ ಹೂಬಿಡುವ ಹೊತ್ತಿಗೆ ಬರುವ ಸರ್ಹುಲ್ ಹಬ್ಬದಲ್ಲಿ ನಗಾರಿ ಕೊರಳಿಗೆ ಹಾಕಿಕೊಂಡು ರಾಂಚಿಯ ಬೀದಿಗಿಳಿಯುತ್ತಿದ್ದರು. 'ನಾಚಿ ಸೆ ಬಾಂಚಿ', ಅಂದರೆ ಕುಣಿದವರು ಉಳಿದಾರು ಎಂಬುದು ಅವರ ಘೋಷಣೆ. ನಾಚಿಕೆಪಟ್ಟು ಬಿಟ್ಟ ಕುಣಿತದ ಜೊತೆಗೇ ಭಾಷೆಯೂ ಹೋಗುತ್ತದೆ ಎಂಬ ಆತಂಕ ಅದರ ಹಿಂದಿದೆ.

ಪ್ರತ್ಯೇಕ ರಾಜ್ಯಕ್ಕಾಗಿ ನಡೆದ ಜಾರ್ಖಂಡ್ ಚಳವಳಿಯಲ್ಲೂ ಅವರಿದ್ದರು. ರಾಜ್ಯ ಹುಟ್ಟಿದ್ದು 2000ದ ನವೆಂಬರ್ 15ರಂದು, ಬಿರ್ಸಾ ಜಯಂತಿಯ ದಿನ. 2010ರಲ್ಲಿ ಪದ್ಮಶ್ರೀ ಬಂತು, ರಾಜ್ಯಸಭೆಗೂ ನಾಮನಿರ್ದೇಶನವಾಯಿತು. 2011ರ ಸೆಪ್ಟೆಂಬರ್ 30ರಂದು ತೀರಿಕೊಂಡರು.

ಸಂತಾಲಿಗೆ 2003ರ ತಿದ್ದುಪಡಿಯಿಂದ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷಾಪಟ್ಟಿಯಲ್ಲಿ ಜಾಗ ಸಿಕ್ಕಿತು. ನಮ್ಮ ತುಳು, ಕೊಡವ ಭಾಷೆಗಳ ಹಾಗೆ ಮುಂಡಾರಿ ಇನ್ನೂ ಹೊರಗೇ ಕಾಯುತ್ತಿದೆ.