ಕೊಡಲಿ ನಿಂತಿತು, ಜಿಂಕೆ ನಿಲ್ಲಲಿಲ್ಲ

ಬೀಚ್ ಅಂದರೆ ಇಲ್ಲಿ ಕಡಲತೀರ ಅಲ್ಲ, ಮರ. ಬೂದು ಬಣ್ಣದ ನುಣುಪು ತೊಗಟೆಯ, ಚಳಿಗಾಲಕ್ಕೆ ಎಲೆ ಉದುರಿಸುವ ಯುರೋಪಿನ ಮರ. ಜೆಕ್ ದೇಶದ ದಕ್ಷಿಣ ತುದಿಯಲ್ಲಿ, ಆಸ್ಟ್ರಿಯಾ ಗಡಿಗೆ ಅಂಟಿಕೊಂಡ ಬೆಟ್ಟಗಳಲ್ಲಿ ಇದರದೊಂದು ಹಳೇ ಕಾಡಿದೆ. ಹೆಸರು ಝೋಫೀನ್. ಇರುವುದು ಸುಮಾರು 100 ಹೆಕ್ಟೇರ್, ಅಂದರೆ 250 ಎಕರೆ ಅಷ್ಟೇ. ಆದರೆ ಅದಕ್ಕೆ ರಕ್ಷಣೆ ಸಿಕ್ಕಿದ್ದು 1838ರಲ್ಲೇ!

ರಕ್ಷಣೆ ಕೊಟ್ಟವನು ಅಲ್ಲಿನ ಜಮೀನ್ದಾರ, ಕೌಂಟ್ ಬುಕ್ವಾ. ತಮಾಷೆ ಅಂದರೆ ಈತ ಗಾಜಿನ ಕಾರ್ಖಾನೆಗಳ ಒಡೆಯ. ಹಯಾಲಿತ್ ಅನ್ನುವ ಕರಿ ಗಾಜು ಇವನದೇ ಕೊಡುಗೆ. ಗಾಜು ಕರಗಿಸಲು ರಾಶಿ ರಾಶಿ ಕಟ್ಟಿಗೆ ಬೇಕು. ಸುತ್ತಲಿನ ಬೆಟ್ಟಗಳ ಕಾಡು ಹಾಗೇ ಕರಗುತ್ತಿತ್ತು. ಅಂಥವನೇ ಒಂದು ತುಂಡನ್ನು ಮುಂದಿನವರು ನೋಡಲಿ ಎಂದು ಎತ್ತಿಟ್ಟ. ಮರ ಕಡಿಯಬಾರದು, ಪುಳ್ಳೆ ಆಯಬಾರದು, ತರಗೆಲೆ ಗುಡಿಸಬಾರದು ಎಂದು ಕಟ್ಟಪ್ಪಣೆ ಮಾಡಿದ. ಎಲೆಯ ಗೊಡವೆ ಏಕೆ ಅನ್ನಿಸಬಹುದು. ದರಕು ಗುಡಿಸಿ ಕೊಟ್ಟಿಗೆಗೆ ಹಾಸುವ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿಯೂ ಅದೇ ರೂಢಿ ಇತ್ತು. ಎಲೆ ಹೋದರೆ ಮಣ್ಣಿನ ಸಾರವೂ ಹೋಯಿತು, ಅಲ್ವಾ?

ಕೈ ಹಚ್ಚದೆ ಬಿಟ್ಟ ಕಾಡು ನೋಡಲು ಅಚ್ಚುಕಟ್ಟಾಗಿ ಇರುವುದಿಲ್ಲ. ನಿಂತ ಬೀಚ್ ಮರದ ಮೈಗೆ ಕುದುರೆ ಗೊರಸಿನಂಥ ಗಟ್ಟಿ ಅಣಬೆ ಹತ್ತುತ್ತದೆ. ಒಳಗೆ ಮರ ಪೊಳ್ಳಾಗಿ ಒಂದು ದಿನ ಮಧ್ಯಕ್ಕೇ ಮುರಿಯುತ್ತದೆ. ಗಾಳಿಗೆ ಬುಡಸಮೇತ ಉರುಳಿದ್ದಾದರೆ ಬೇರು ಮಣ್ಣನ್ನೂ ಎತ್ತಿಕೊಂಡೇ ಏಳುತ್ತದೆ. ಒಂದು ಕಡೆ ಗುಂಡಿ, ಪಕ್ಕದಲ್ಲೇ ದಿಬ್ಬ. ಮರ ಕೊಳೆತು ಗುರುತೇ ಸಿಗದಂತಾದ ಮೇಲೂ ಆ ಗುಂಡಿ, ದಿಬ್ಬ ನೂರಾರು ವರ್ಷ ಉಳಿಯುತ್ತವೆ. ನೇಗಿಲೇ ಇಲ್ಲದ ಉಳುಮೆ ಅನ್ನಿ. ಬಿದ್ದ ಮರ ಬಿಟ್ಟ ಜಾಗದಲ್ಲಿ ಬೆಳಕು ಇಳಿಯುತ್ತದೆ. ನೆರಳಲ್ಲಿ ಹತ್ತಾರು ವರ್ಷ ಕುಳ್ಳಗೆ ಕಾದಿದ್ದ ಬೀಚ್ ಸಸಿಗಳು ಆಗ ಸರಸರ ಮೇಲೇಳುತ್ತವೆ. 2007ರ ಜನವರಿಯಲ್ಲಿ ಕಿರಿಲ್ ಚಂಡಮಾರುತ ಇಲ್ಲಿ ಇಂಥ ಜಾಗಗಳನ್ನು ಒಂದೇ ಏಟಿಗೆ ಜಾಸ್ತಿ ಮಾಡಿತು.

ಇದೆಲ್ಲ ಸುಮ್ನೆ ಅಂದಾಜಿನ ಮಾತಲ್ಲ. 1975ರಲ್ಲಿ ಇಲ್ಲಿ 10 ಸೆಂಟಿಮೀಟರ್‌ಗಿಂತ ದಪ್ಪನೆಯ ಮರಗಳನ್ನೆಲ್ಲ ಅಳೆದು ನಕ್ಷೆಗೆ ಇಳಿಸಿದರು. ಆಮೇಲೆ ಅದೇ ಮರಗಳನ್ನು ಮತ್ತೆ ಮತ್ತೆ ಹುಡುಕಿ ಅಳೆದಿದ್ದಾರೆ.

ಅಳತೆಯಲ್ಲಿ ಕಂಡ ದೊಡ್ಡ ಬದಲಾವಣೆ ಬೀಚ್‌ದಲ್ಲ, ಅದರ ಜೊತೆಗಾರ, ಸೂಜಿಯಂಥ ಎಲೆಯ ಫರ್ ಮರದ್ದು. ಹಿಂದೆ ಧಾರಾಳವಾಗಿದ್ದ ಫರ್ ಈಗ ತೀರಾ ಕಡಿಮೆಯಾಗಿದೆ. ಹೊಗೆಯ ಮಾಲಿನ್ಯದ ಪಾಲೂ ಇರಬಹುದು. ಆದರೆ ಮುಖ್ಯ ಕಾರಣ ಜಿಂಕೆ. ಬೇಟೆಯ ಆಸೆಗೆ ಜಿಂಕೆ ಸಾಕಿದ ಸೀಮೆ ಅದು, ತಿನ್ನುವ ತೋಳಗಳನ್ನು ಮನುಷ್ಯ ಮೊದಲೇ ಮುಗಿಸಿದ್ದ. ಜಿಂಕೆಗೆ ಬೀಚ್‌ಗಿಂತ ಫರ್ ಚಿಗುರೇ ರುಚಿ. ಮುದಿ ಫರ್ ಸತ್ತಾಗ ಆ ಜಾಗಕ್ಕೆ ಬರಲು ಮರಿ ಫರ್ ಇರಲೇ ಇಲ್ಲ. ಕೌಂಟ್‌ನ ಅಪ್ಪಣೆ ತಡೆದದ್ದು ಕೊಡಲಿಯನ್ನು, ಜಿಂಕೆಯ ಬಾಯನ್ನಲ್ಲ.

ಕೊನೆಗೆ 1990ರ ದಶಕದಲ್ಲಿ, ಮನುಷ್ಯರ ಕೈ ಸೋಕಬಾರದೆಂದಿದ್ದ ಕಾಡಿನ ಸುತ್ತ ಮನುಷ್ಯರೇ ಬೇಲಿ ಹಾಕಬೇಕಾಯಿತು. ಫರ್‌ಗೆ ಅವಸರವೇನಿಲ್ಲ. ನೆರಳಲ್ಲಿ ಆಳೆತ್ತರ ಬೆಳೆಯಲು ಅದಕ್ಕೆ ಹತ್ತಾರು ವರ್ಷ ಹಿಡಿಯುತ್ತದೆ.